ಕಿರುಬೆರಳ ಜೋಮು, ಮೊಣಕೈಯ ನರ

ಹುಣಸೆಹಣ್ಣಿನ ಸುಗ್ಗಿಯಲ್ಲಿ ಸಿದ್ದರಬೆಟ್ಟದ ಸುತ್ತಲ ಊರುಗಳ ಜಗಲಿಗಳಿಗೆ ಬಿಡುವಿರುವುದಿಲ್ಲ. ಒಂದು ಕೈಯಲ್ಲಿ ಹಣ್ಣು, ಇನ್ನೊಂದರಲ್ಲಿ ಸುತ್ತಿಗೆ. ಓಡು ಒಡೆದು, ನಾರು ಕಿತ್ತು, ಬೀಜ ಬಿಡಿಸುವಷ್ಟು ಹೊತ್ತೂ ಮೊಣಕೈ ಮಡಿಸಿಯೇ ಇರುತ್ತದೆ. ಇಂಥ ಕೆಲಸ ಮಾಡುವ ಕೆಲವರಿಗೆ ರಾತ್ರಿ ಮಲಗಿದ ಮೇಲೆ ಕಿರುಬೆರಳು ಮತ್ತು ಅದರ ಪಕ್ಕದ ಉಂಗುರಬೆರಳಿನ ಅರ್ಧ ಭಾಗ ಜೋಮು ಹಿಡಿಯುತ್ತದೆ. ವಾಯು ಎಂದುಕೊಂಡು ಬೆರಳಿಗೆ ಎಣ್ಣೆ ತಿಕ್ಕುತ್ತಾರೆ. ತೊಂದರೆ ಇರುವುದು ಮೊಣಕೈಯಲ್ಲಿ.

ಮೊಣಕೈ ಒಳಬದಿಯ ಮೂಳೆಯ ಉಬ್ಬಿನ ಹಿಂದೆ ಒಂದು ತಗ್ಗಿದೆ. ಅಲ್ಲಿ ಬೆರಳಿಟ್ಟರೆ ಹುರಿಯಂಥದ್ದೊಂದು ಸಿಗುತ್ತದೆ. ಅದು ಅಲ್ನಾರ್ ನರ. ಕತ್ತಿನಿಂದ ಹೊರಟು ಅಂಗೈವರೆಗೆ ಬರುವ ಈ ನರಕ್ಕೆ ದಾರಿಯ ಬಹುಪಾಲು ಮಾಂಸದ ಮರೆಯಿದ್ದರೂ, ಮೊಣಕೈ ಹಿಂದೆ ಆ ಮರೆಯಿಲ್ಲ, ನರ ಚರ್ಮದ ಕೆಳಗೇ ಇರುತ್ತದೆ. ಬಾಗಿಲ ಚೌಕಟ್ಟಿಗೆ ಮೊಣಕೈ ತಗುಲಿದಾಗ ಕರೆಂಟ್ ಹೊಡೆದಂತಾಗುವುದು ಅದಕ್ಕೇ.

ಆ ತಗ್ಗಿನ ಮೇಲೆ ಗಟ್ಟಿ ನಾರಿನ ಪಟ್ಟಿಯೊಂದು ಸೂರಿನಂತೆ ಹಾದು ನರಕ್ಕೊಂದು ಸುರಂಗ ಮಾಡಿದೆ. ಮೊಣಕೈ ಮಡಿಸಿದಾಗ ಪಟ್ಟಿ ಬಿಗಿಯುತ್ತದೆ, ಸುರಂಗ ಕಿರಿದಾಗುತ್ತದೆ, ನರವೂ ಎಳೆದಂತಾಗುತ್ತದೆ. ನರದೊಳಗಿನ ಸಣ್ಣ ರಕ್ತನಾಳಗಳು ಅದುಮಿಹೋಗುತ್ತವೆ. ಕೈ ಚಾಚಿದರೆ ರಕ್ತ ಹರಿದು ಜೋಮು ಇಳಿಯುತ್ತದೆ. ಇದೇ ತಿಂಗಳುಗಟ್ಟಲೆ ನಡೆದರೆ ಮೊದಲು ನರತಂತುಗಳ ಹೊದಿಕೆ ಸವೆಯುತ್ತದೆ, ಆಮೇಲೆ ತಂತುಗಳೇ ಸಾಯುತ್ತವೆ. ಹೆಬ್ಬೆರಳು ತೋರುಬೆರಳ ನಡುವಿನ ಮಾಂಸ ಬತ್ತಿ ಗುಳಿ ಬೀಳುತ್ತದೆ, ಬೀಗದಕೈ ತಿರುಗಿಸುವುದೂ ಕಷ್ಟವಾಗುತ್ತದೆ. ಹೆಬ್ಬೆರಳಿಗೂ ತೋರುಬೆರಳ ಪಕ್ಕಕ್ಕೂ ನಡುವೆ ಕಾಗದ ಹಿಡಿಸಿ ಎಳೆದಾಗ ಹೆಬ್ಬೆರಳ ತುದಿ ಮಡಿಸಿಕೊಂಡರೆ ಸ್ನಾಯು ಸೋತಿದೆ ಎಂದು ವೈದ್ಯರು ಗುರುತಿಸುತ್ತಾರೆ.

ಇದೇ ನರವನ್ನು ಕುಷ್ಠರೋಗವೂ ಹುಡುಕಿಕೊಂಡು ಬರುತ್ತದೆ. ಅದರ ಬ್ಯಾಕ್ಟೀರಿಯಾಕ್ಕೆ ದೇಹದ ತಂಪು ಭಾಗಗಳು ಇಷ್ಟ. ಚರ್ಮಕ್ಕೆ ಅಂಟಿದಂತಿರುವ ಮೊಣಕೈ ನರ ಅಂಥ ಜಾಗ. ನರ ಊದಿಕೊಂಡು ಹಗ್ಗದಷ್ಟು ದಪ್ಪವಾದಾಗ ಸುರಂಗ ತಾನಾಗಿಯೇ ಇಕ್ಕಟ್ಟಾಗುತ್ತದೆ, ಕೊನೆಗೆ ಬೆರಳುಗಳು ಕೊಕ್ಕೆಯಂತೆ ಮುದುಡುತ್ತವೆ. ಹಾಗೆ ಮುದುಡಿದ ಕೈಗಳಿಗೆ ವೆಲ್ಲೂರಿನಲ್ಲಿ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ 1940ರ ದಶಕದ ಕೊನೆಯಲ್ಲಿ, ಚೆನ್ನಾಗಿರುವ ಸ್ನಾಯುರಜ್ಜುವನ್ನು ಬೇರೆಡೆಯಿಂದ ತಂದು ಜೋಡಿಸಿ ಚಲನೆ ಮರಳಿಸಿದರು. ನಮ್ಮ ಸೀಮೆಯಲ್ಲೇ, ಪಾವಗಡದಲ್ಲಿ, ಸ್ವಾಮಿ ಜಪಾನಂದರ ಸ್ವಾಮಿ ವಿವೇಕಾನಂದ ಸಮಗ್ರ ಗ್ರಾಮೀಣ ಆರೋಗ್ಯ ಕೇಂದ್ರ ಕುಷ್ಠರೋಗಿಗಳ ಆರೈಕೆ ಮಾಡುತ್ತ ಬಂದಿದೆ. ಕುಷ್ಠವೂ ಇದೇ ನರವನ್ನು ಹಿಡಿಯುವುದರಿಂದ, ಜೋಮಿನ ಜೊತೆ ಮೈಮೇಲೆ ಸ್ಪರ್ಶ ತಿಳಿಯದ ತಿಳಿಬಣ್ಣದ ಅಥವಾ ಕೆಂಪು ಮಚ್ಚೆಯಿದ್ದರೆ ನಾಚಿಕೆ ಪಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಬಹುಔಷಧ ಚಿಕಿತ್ಸೆ ಅಲ್ಲಿ ಉಚಿತ. ನರ ಸೋತು ಆರು ತಿಂಗಳಾಗುವ ಮೊದಲೇ ಸ್ಟೀರಾಯ್ಡ್ ಮಾತ್ರೆ ಶುರುಮಾಡಿದರೆ ಅನೇಕರಲ್ಲಿ ಶಕ್ತಿ ಮರಳುತ್ತದೆ.

ಕುಷ್ಠ ಅಲ್ಲವೆಂದಾದರೆ ಮೊದಲ ಮದ್ದು ಸರಳ. ಮಲಗುವಾಗ ಮೊಣಕೈ ಪೂರ್ತಿ ಮಡಿಯದಂತೆ ಸಡಿಲವಾಗಿ ಟವೆಲ್ ಸುತ್ತಿಕೊಳ್ಳುವುದು, ಬಸ್ಸಿನ ಕಿಟಕಿಗೆ, ಮೇಜಿನ ಅಂಚಿಗೆ ಮೊಣಕೈ ಊರದಿರುವುದು, ಕೆಲಸದ ನಡುನಡುವೆ ಕೈ ಚಾಚುವುದು. ಲಕ್ಷಣ ಹೆಚ್ಚಿರದವರಲ್ಲಿ ಬಹಳಷ್ಟು ಜನಕ್ಕೆ ಇಷ್ಟೇ ಸಾಕಾಗುತ್ತದೆ. ಸಿದ್ದರಬೆಟ್ಟದ ಗಿಡಮೂಲಿಕೆಗಳ ಮೇಲೆ ನಮ್ಮವರಿಗಿರುವ ನಂಬಿಕೆ ಹಳೆಯದು, ನನಗೂ ಆ ಬೆಟ್ಟದ ಮೇಲೆ ಪ್ರೀತಿಯಿದೆ. ಆದರೆ ಯಾವ ಎಣ್ಣೆಯೂ ಬಿಗಿದ ಪಟ್ಟಿಯನ್ನು ಸಡಿಲಿಸದು. ಆ ತಗ್ಗನ್ನೇ ಒತ್ತಿ ತಿಕ್ಕಿದರೆ ನರಕ್ಕೆ ಇನ್ನಷ್ಟು ಪೆಟ್ಟು.

ಬಲ ಕುಂದುತ್ತಿದ್ದರೆ ನರದ ವೇಗ ಅಳೆಯುವ ಪರೀಕ್ಷೆ ಮಾಡಿಸಿ, ಶಸ್ತ್ರಚಿಕಿತ್ಸೆಯಲ್ಲಿ ಪಟ್ಟಿಯನ್ನು ಕತ್ತರಿಸಿ ನರ ಬಿಡಿಸುತ್ತಾರೆ. ಬೇಕಾದರೆ ನರವನ್ನೇ ಮೂಳೆಯ ಉಬ್ಬಿನ ಮುಂದಕ್ಕೆ ಸರಿಸುತ್ತಾರೆ. ಸತ್ತ ತಂತು ಮತ್ತೆ ಚಿಗುರುವುದು ದಿನಕ್ಕೆ ಸುಮಾರು 1 ಮಿಲಿಮೀಟರ್. ಮೊಣಕೈಯಿಂದ ಅಂಗೈಗೆ ಸುಮಾರು 30 ಸೆಂಟಿಮೀಟರ್. ಈ ಸುಗ್ಗಿಯಲ್ಲಿ ಬಿಡಿಸಿದ ನರ ಬೆರಳ ಸ್ನಾಯು ತಲುಪುವ ಹೊತ್ತಿಗೆ ಹುಣಸೆಮರದಲ್ಲಿ ಮುಂದಿನ ಫಸಲು ಹಣ್ಣಾಗುತ್ತಿರುತ್ತದೆ. ಅಷ್ಟರಲ್ಲಿ ಸ್ನಾಯು ಪೂರ್ತಿ ಬತ್ತಿಹೋಗಿದ್ದರೆ ಚಿಗುರಿ ಬಂದ ನರಕ್ಕೆ ಅಲ್ಲಿ ಮಾಡಲು ಕೆಲಸವಿರುವುದಿಲ್ಲ.