ವಾರಾಂತ್ಯದ ಶಿಖರಾರೋಹಣ: ಧಾರವಾಡ ಜಿಲ್ಲೆಯ ಗ್ರಾಮೀಣ ಚಾರಣಾಸಕ್ತರಿಗೆ ಮಾಹಿತಿ

ನವಲಗುಂದ, ಕುಂದಗೋಳ, ಅಣ್ಣಿಗೇರಿ ಮತ್ತು ಕಲಘಟಗಿ ತಾಲ್ಲೂಕುಗಳ ಯುವಜನರು ಹಾಗೂ ನೌಕರವರ್ಗದವರಲ್ಲಿ ಕೆಲವರು ರಾಜ್ಯದ ಎತ್ತರದ ಶಿಖರಗಳನ್ನು ಶನಿವಾರ, ಭಾನುವಾರಗಳಂದು ಒಂದೊಂದಾಗಿ ಏರಿ ಮುಗಿಸುವ ಸಂಕಲ್ಪ ಮಾಡುವುದುಂಟು. ಈ ಹವ್ಯಾಸದ ಹಳೆಯ ಮಾದರಿ ಸ್ಕಾಟ್ಲೆಂಡಿನದು. ಸರ್ ಹ್ಯೂ ಮನ್ರೊ 1891ರಲ್ಲಿ ಅಲ್ಲಿನ 3,000 ಅಡಿಗೂ ಮೀರಿದ ಶಿಖರಗಳ ಪಟ್ಟಿಯನ್ನು ಪ್ರಕಟಿಸಿದರು. ಇಂದು ಅದರಲ್ಲಿ 282 ಶಿಖರಗಳಿವೆ. ಅಲ್ಲಿ 2003ರ ಕಾನೂನು ಬೆಟ್ಟಗಳಲ್ಲಿ ನಡೆದಾಡುವ ಹಕ್ಕನ್ನು ಸರ್ವರಿಗೂ ನೀಡಿದೆ. ಇಲ್ಲಿನ ಸ್ಥಿತಿ ಬೇರೆ.

ಅನುಮತಿ

ಕುದುರೆಮುಖ (1,894 ಮೀ.) ರಾಷ್ಟ್ರೀಯ ಉದ್ಯಾನದಲ್ಲಿಯೂ, ಕುಮಾರ ಪರ್ವತ (1,712 ಮೀ.) ಪುಷ್ಪಗಿರಿ ವನ್ಯಜೀವಿ ಧಾಮದಲ್ಲಿಯೂ, ಕೊಡಚಾದ್ರಿ (1,343 ಮೀ.) ಮೂಕಾಂಬಿಕಾ ವನ್ಯಜೀವಿ ಧಾಮದಲ್ಲಿಯೂ ಇವೆ. ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ ಮೇರೆಗೆ ಇಂತಹ ಪ್ರದೇಶಗಳಿಗೆ ಪರವಾನಗಿ ಇಲ್ಲದೆ ಪ್ರವೇಶಿಸುವುದು ದಂಡನಾರ್ಹ ಅಪರಾಧ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರ ಪರ್ವತದಲ್ಲಿ ಸಾವಿರಾರು ಮಂದಿ ಒಮ್ಮೆಗೇ ಸೇರಿದ ನಂತರ, ಆನ್‌ಲೈನ್ ಮುಂಗಡ ನೋಂದಣಿ ಇಲ್ಲದ ಕಡೆ ಚಾರಣವನ್ನು ಸರ್ಕಾರ ತಾತ್ಕಾಲಿಕವಾಗಿ ನಿಷೇಧಿಸಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ 'ಅರಣ್ಯ ವಿಹಾರ' ಜಾಲತಾಣ ಆರಂಭಗೊಂಡು, ಒಂದು ಚಾರಣ ಪಥಕ್ಕೆ ದಿನಕ್ಕೆ ಗರಿಷ್ಠ 300 ಜನರೆಂಬ ಮಿತಿ ನಿಗದಿಯಾಯಿತು. ಆದುದರಿಂದ ಅರ್ಜಿದಾರರು ಮೊದಲು ಟಿಕೆಟ್, ಅನಂತರ ಬಸ್ಸು ಎಂಬ ಕ್ರಮವನ್ನು ಅನುಸರಿಸುವುದು ಒಳಿತು. ಟಿಕೆಟ್ ದೊರೆಯದೆ ಹುಬ್ಬಳ್ಳಿಯಿಂದ ರಾತ್ರಿಯಿಡೀ ಪ್ರಯಾಣಿಸಿ ತನಿಖಾ ಠಾಣೆಯಿಂದಲೇ ಹಿಂತಿರುಗುವುದು ಬೇಸರದ ಸಂಗತಿ. ಅಡ್ಡದಾರಿ ತೋರಿಸುವವರನ್ನು ನಂಬಿ ಕಾಡು ಹೊಗುವುದು ಅದಕ್ಕಿಂತ ಕೆಟ್ಟದ್ದು. ಗುರುತಿನ ಚೀಟಿಯ ಮೂಲಪ್ರತಿ ಪ್ರತಿಯೊಬ್ಬರ ಬಳಿಯೂ ಇರಬೇಕು. ಕುದುರೆಮುಖ ಶಿಖರದಲ್ಲಿ ರಾತ್ರಿ ತಂಗಲು ಅನುಮತಿ ಇಲ್ಲ.

ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭೀತಿಯಿಂದಲೂ, ಮಳೆಗಾಲದಲ್ಲಿ ಅಪಾಯದ ಕಾರಣದಿಂದಲೂ ಪಥಗಳನ್ನು ಮುಚ್ಚುವುದುಂಟು. ಹೀಗಾಗಿ ಎಲ್ಲ ಶಿಖರಗಳನ್ನು ಒಂದೇ ವರ್ಷದೊಳಗೆ ಮುಗಿಸುವ ಪಣ ತೊಡುವುದು ಅಷ್ಟು ವಿವೇಕದ್ದಲ್ಲ.

ಎತ್ತರವೂ ಏರಿಕೆಯೂ

ಶಿಖರದ ಎತ್ತರವನ್ನು ನೋಡಿ ಶ್ರಮವನ್ನು ಅಳೆಯಲಾಗದು. ರಾಜ್ಯದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಗೆ (1,930 ಮೀ.) ರಸ್ತೆ ತುದಿಯ ಸಮೀಪದವರೆಗೂ ಹೋಗುತ್ತದೆ, ಉಳಿದದ್ದು ಮೆಟ್ಟಿಲುಗಳು. ಅದಕ್ಕಿಂತ ಸುಮಾರು 200 ಮೀಟರ್ ತಗ್ಗಾದ ಕುಮಾರ ಪರ್ವತವನ್ನು ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಹತ್ತುವವರು 1,500 ಮೀಟರಿಗೂ ಹೆಚ್ಚು ಏರಬೇಕಾಗುತ್ತದೆ. ಎರೆಭೂಮಿಯ ಸಮತಟ್ಟಿನಲ್ಲಿ ಮೈಲುಗಟ್ಟಲೆ ನಡೆದು ರೂಢಿಯಿದ್ದವರಿಗೂ ಇಳಿಯುವಾಗ ಮೊಣಕಾಲು ಸೋಲುತ್ತದೆ.

ಅಭ್ಯಾಸಕ್ಕೆ ದೂರ ಹೋಗಬೇಕಾಗಿಲ್ಲ. ನವಲಗುಂದ ಪಟ್ಟಣದ ಗುಡ್ಡ, ಕಲಘಟಗಿ ತಾಲ್ಲೂಕಿನ ಬೂದನಗುಡ್ಡ ಸಾಕು. ಚಿಕ್ಕ ಗುಡ್ಡವೆಂದು ಕಡೆಗಣಿಸದೆ ಅದನ್ನೇ ಬೆನ್ನಿಗೆ ಹೊರೆ ಸಹಿತ ನಾಲ್ಕಾರು ಬಾರಿ ಹತ್ತಿಳಿಯುವುದು ಉತ್ತಮ ತಯಾರಿ. ಅಣ್ಣಿಗೇರಿಯವರಿಗೆ ಗದಗ ಜಿಲ್ಲೆಯ ಕಪ್ಪತಗುಡ್ಡ ಹತ್ತಿರ. ಅದು 2019ರಲ್ಲಿ ವನ್ಯಜೀವಿ ಧಾಮವೆಂದು ಘೋಷಿತವಾಗಿರುವುದರಿಂದ ಅಲ್ಲಿಯೂ ಅರಣ್ಯ ನಿಯಮಗಳು ಅನ್ವಯಿಸುತ್ತವೆ. ಕ್ರಮಬದ್ಧ ತರಬೇತಿ ಬಯಸುವವರು ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯ ಶಿಬಿರಗಳ ಬಗ್ಗೆ ವಿಚಾರಿಸಬಹುದು.

ಮಂಗನ ಕಾಯಿಲೆ

ಬಯಲುನಾಡಿನವರು ಸಾಮಾನ್ಯವಾಗಿ ಅರಿಯದ ಅಪಾಯವಿದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಅರಣ್ಯದಲ್ಲಿ ಮೊದಲು ಗುರುತಿಸಲ್ಪಟ್ಟ ಈ ವೈರಾಣು ರೋಗವು ಉಣ್ಣೆಗಳ ಕಡಿತದಿಂದ ಹರಡುತ್ತದೆ. ಚಾರಣಕ್ಕೆ ಹಿತವೆನಿಸುವ ಡಿಸೆಂಬರ್‌ನಿಂದ ಮೇ ವರೆಗಿನ ಒಣ ತಿಂಗಳುಗಳೇ ಇದರ ಕಾಲವೂ ಹೌದು. ಮೈಮುಚ್ಚುವ ಉಡುಪು ಧರಿಸಬೇಕು. ತರಗೆಲೆಗಳ ಮೇಲೆ ಕೂರಬಾರದು, ಮಲಗಬಾರದು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಅಥವಾ ಆರೋಗ್ಯ ಸಿಬ್ಬಂದಿಗೆ ತಿಳಿಸಬೇಕು. ಹಿಂತಿರುಗಿದೊಡನೆ ಬಿಸಿನೀರು, ಸಾಬೂನಿನಿಂದ ಸ್ನಾನ ಮಾಡಿ ಉಡುಪನ್ನು ಪ್ರತ್ಯೇಕವಾಗಿ ಒಗೆಯುವುದು.

ಕಡಿತವಾದ 3ರಿಂದ 8 ದಿನಗಳಲ್ಲಿ ತೀವ್ರ ಜ್ವರ, ತಲೆನೋವು, ಮೈಕೈ ನೋವು ತೋರಬಹುದು. ಅಷ್ಟರಲ್ಲಿ ಚಾರಣಿಗರು ಊರು ಸೇರಿರುತ್ತಾರೆ. ಸ್ಥಳೀಯ ವೈದ್ಯರು ಇದನ್ನು ಸಾಮಾನ್ಯ ಜ್ವರವೆಂದು ಭಾವಿಸುವ ಸಂಭವವಿರುವುದರಿಂದ, ಯಾವ ಕಾಡಿಗೆ, ಯಾವ ದಿನ ಹೋಗಿದ್ದುದೆಂಬುದನ್ನು ರೋಗಿಯೇ ಮೊದಲಾಗಿ ಹೇಳತಕ್ಕದ್ದು.