ಚಳಿಗಾಲಕ್ಕೆ ಬಂದ ಮಳೆಯ ಪ್ರೇಮಕಥೆ
ಹಿಂಗಾರು ಮಳೆ ಹಿಂದೆ ಸರಿದಂತೆ ಕೋಲಾರ ಸೀಮೆಗೆ ಚಳಿ ಕಾಲಿಡುತ್ತದೆ. ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲಿರುವ ಈ ಬಯಲಿನಲ್ಲಿ ಬೆಳಗಿನ ಇಬ್ಬನಿ ದಟ್ಟ. ಮಾಲೂರು, ಮುಳಬಾಗಿಲುಗಳ ಸಂತೆಗೆ ಸೊಗಡಿನ ಅವರೆಕಾಯಿ ಬರುತ್ತದೆ. ಚಳಿ ಬಲಿತಂತೆ ಶ್ರೀನಿವಾಸಪುರದ ಮಾವು ಹೂ ಬಿಡತೊಡಗುತ್ತದೆ. ಬೇಗ ಕತ್ತಲಾಗುವ ಈ ಸಂಜೆಗಳು ಪ್ರೇಮಚಿತ್ರಕ್ಕೆ ಹೇಳಿಮಾಡಿಸಿದಂಥವು.

ಯೋಗರಾಜ ಭಟ್ಟರ ‘ಮುಂಗಾರು ಮಳೆ’ ತೆರೆಕಂಡದ್ದೂ ಚಳಿಯಲ್ಲೇ, 2006ರ ಡಿಸೆಂಬರ್ 29ರಂದು. ಮಲೆನಾಡಿನ ಬಿಡದ ಮಳೆಯೇ ಅಲ್ಲಿ ಪ್ರೀತಿಯ ಮಾತಾಡುತ್ತದೆ. ನಾಯಕ ತಾನು ಒಲಿದವಳನ್ನು ಬಿಟ್ಟುಕೊಡುತ್ತಾನೆ. ಆ ತ್ಯಾಗವೇ ಚಿತ್ರದ ಜೀವ. ಮಳೆಗೆ ಹಾತೊರೆಯುವ ಬಯಲುಸೀಮೆಯ ಪ್ರೇಕ್ಷಕರಿಗಂತೂ ಅದು ಇನ್ನೂ ಹತ್ತಿರ.

ಪ್ರೀತಿಯನ್ನು ನೀರಿನೊಡನೆ ಹೆಣೆದ ಇನ್ನೊಂದು ಚಿತ್ರಕ್ಕೆ ಕೋಲಾರ ಸೀಮೆಯದೇ ನಂಟಿದೆ. ಮುಳಬಾಗಿಲು ಮೂಲದ ಸೌಂದರ್ಯ ನಿರ್ಮಿಸಿ ನಟಿಸಿದ, ಗಿರೀಶ ಕಾಸರವಳ್ಳಿ ನಿರ್ದೇಶನದ ‘ದ್ವೀಪ’ದಲ್ಲಿ ದಾಂಪತ್ಯದ ಪ್ರೀತಿ ಮುಳುಗಡೆಯ ನೀರಿನೆದುರು ಪರೀಕ್ಷೆಗೊಳಗಾಗುತ್ತದೆ. ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಅದಕ್ಕೆ ಸಂದಿತು.