ಯೂರಿಯಾ ಇಳಿದರೂ ಉಳಿಯುವ ವಿಷಗಳು

ಕಳೆದ ಯುಗಾದಿ ಊಟದಲ್ಲಿ ಪಕ್ಕದ ಎಲೆಗೆ ಕುಳಿತಿದ್ದ ಹಿರಿಯರೊಬ್ಬರು ಕೇಳಿದರು: “ವಾರಕ್ಕೆ ಮೂರು ಸಲ ಡಯಾಲಿಸಿಸ್ ಮಾಡಿಸ್ತೀನಿ. ರಿಪೋರ್ಟ್ ಚೆನ್ನಾಗಿದೆ ಅಂತಾರೆ. ಮತ್ತೆ ಈ ತುರಿಕೆ, ಈ ಸುಸ್ತು ಯಾಕಮ್ಮಾ?” ಡಯಾಲಿಸಿಸ್ ನರ್ಸ್ ಆಗಿ ಕೆಲಸ ಮಾಡುವ ನನಗೂ ಪಾಯಸದ ನಡುವೆ ಪೂರ್ತಿ ಉತ್ತರ ಹೇಳಲಾಗಲಿಲ್ಲ.

ಮೂತ್ರಪಿಂಡಗಳು ವಾರದ 168 ಗಂಟೆಯೂ ದುಡಿಯುತ್ತವೆ. ಯಂತ್ರಕ್ಕೆ ಸಿಗುವುದು ಸುಮಾರು 12 ಗಂಟೆ. ಆ ಅವಧಿಯಲ್ಲಿ ರಕ್ತ ಎಷ್ಟು ಶುದ್ಧವಾಯಿತೆಂದು ತಿಳಿಯಲು ನಾವು ಅಳೆಯುವುದು ಮುಖ್ಯವಾಗಿ ಯೂರಿಯಾವನ್ನು. ‘ಕೆಟಿ ಬೈ ವಿ’ ಎಂಬ ಲೆಕ್ಕ ಇದರದ್ದೇ. ನಿಮಿಷಕ್ಕೆ 250 ಮಿಲಿಲೀಟರ್ ರಕ್ತದಿಂದ ಯೂರಿಯಾ ಪೂರ್ತಿ ಹೋಗುತ್ತದೆ ಎಂದುಕೊಳ್ಳಿ. ನಾಲ್ಕು ಗಂಟೆಗೆ 60 ಲೀಟರ್ ಆಯಿತು. ದೇಹದಲ್ಲಿ 40 ಲೀಟರ್ ನೀರಿದ್ದರೆ ಭಾಗಿಸಿದಾಗ ಬರುವುದು 1.5. ಕನಿಷ್ಠ 1.2 ಇರಬೇಕು, ಗುರಿ 1.4. ಡ್ಯೂಟಿಗೆ ತಡವಾಯಿತೆಂದು ಅರ್ಧ ಗಂಟೆ ಮೊದಲೇ ಎದ್ದು ಹೋದರೆ ಅದೇ ಲೆಕ್ಕ 1.3ಕ್ಕೆ ಇಳಿಯುತ್ತದೆ. ದೊಡ್ಡ ಮೈಕಟ್ಟಿನವರಿಗೆ ಇನ್ನೂ ಕಡಿಮೆ. “ಸಿಸ್ಟರ್, ಇವತ್ತು ಬೇಗ ಬಿಡಿ” ಎನ್ನುವವರಿಗೆ ನಾನು ಈ ಭಾಗಾಕಾರವನ್ನೇ ಬರೆದು ತೋರಿಸುತ್ತೇನೆ.

ಆದರೆ ಯೂರಿಯಾ ಬಲು ಸಣ್ಣ ಕಣ. ಜರಡಿಯಲ್ಲಿ ಸಲೀಸಾಗಿ ಜಾರುತ್ತದೆ. ಬೀಟಾ-2 ಮೈಕ್ರೋಗ್ಲಾಬ್ಯುಲಿನ್ ಎಂಬ ಪ್ರೋಟೀನ್ ಅದಕ್ಕಿಂತ ಸುಮಾರು 200 ಪಟ್ಟು ಭಾರ. ಹಳೆಯ ಕಾಲದ ಫಿಲ್ಟರ್‌ಗಳಲ್ಲಿ ಅದು ಹೋಗುತ್ತಲೇ ಇರಲಿಲ್ಲ. ವರ್ಷಗಟ್ಟಲೆ ಸಂಗ್ರಹವಾಗಿ ಮಣಿಕಟ್ಟು, ಭುಜದ ಕೀಲುಗಳಲ್ಲಿ ಕೂತು ನೋವು ಕೊಡುತ್ತಿತ್ತು. ಮೂರನೆಯ ಗುಂಪು ಇನ್ನೂ ಹಟಮಾರಿ. ಇಂಡಾಕ್ಸಿಲ್ ಸಲ್ಫೇಟ್, ಪಿ-ಕ್ರೆಸಿಲ್ ಸಲ್ಫೇಟ್ ಹುಟ್ಟುವುದು ನಮ್ಮ ಕರುಳಿನಿಂದ: ಅಲ್ಲಿನ ಬ್ಯಾಕ್ಟೀರಿಯಾ ಆಹಾರದ ಪ್ರೋಟೀನನ್ನು ಒಡೆದಾಗ ಬರುವ ವಸ್ತುಗಳು ಯಕೃತ್ತಿನಲ್ಲಿ ಈ ರೂಪ ತಾಳುತ್ತವೆ. ಕಣ ಸಣ್ಣದೇ, ಆದರೆ ರಕ್ತದ ಆಲ್ಬುಮಿನ್‌ಗೆ ಅಂಟಿಕೊಂಡಿರುತ್ತದೆ. ಆಲ್ಬುಮಿನ್ ದೇಹಕ್ಕೆ ಬೇಕು, ಜರಡಿ ಅದನ್ನು ಬಿಡಬಾರದು. ಹಾಗಾಗಿ ಅದರ ಬೆನ್ನೇರಿದ ವಿಷವೂ ಬಹುಪಾಲು ಉಳಿಯುತ್ತದೆ.

ಹಾಗಾದರೆ ಯೂರಿಯಾವನ್ನೇ ಇನ್ನಷ್ಟು ತೆಗೆದರೆ? ಅಮೆರಿಕದಲ್ಲಿ 1,846 ರೋಗಿಗಳ ಮೇಲೆ ನಡೆದ ‘ಹೀಮೋ’ ಅಧ್ಯಯನ 2002ರಲ್ಲಿ ಇದಕ್ಕೆ ಉತ್ತರಿಸಿತು: ಪ್ರಮಾಣ ಹೆಚ್ಚಿಸಿದ ಮಾತ್ರಕ್ಕೆ ಆಯುಷ್ಯ ಗಮನಾರ್ಹವಾಗಿ ಹೆಚ್ಚಲಿಲ್ಲ. ಹೆಚ್ಚು ಭರವಸೆ ಕಂಡದ್ದು ಹಿಮೋಡಯಾಫಿಲ್ಟ್ರೇಶನ್‌ನಲ್ಲಿ. ಇಲ್ಲಿ ರಕ್ತದಿಂದ ಬಹಳಷ್ಟು ದ್ರವವನ್ನು ಒತ್ತಡದಿಂದ ಎಳೆದು, ಅಷ್ಟೇ ಶುದ್ಧ ದ್ರವವನ್ನು ಮರಳಿಸುತ್ತಾರೆ. ಮಧ್ಯಮ ಗಾತ್ರದ ಕಣಗಳೂ ಅದರೊಡನೆ ಹೊರಬರುತ್ತವೆ. 2023ರಲ್ಲಿ ಪ್ರಕಟವಾದ ಯುರೋಪಿನ ‘ಕನ್ವಿನ್ಸ್’ ಅಧ್ಯಯನದ 1,360 ರೋಗಿಗಳಲ್ಲಿ, ಈ ಚಿಕಿತ್ಸೆ ಪಡೆದವರಲ್ಲಿ 17.3%, ಸಾಮಾನ್ಯ ಡಯಾಲಿಸಿಸ್‌ನವರಲ್ಲಿ 21.9% ಮಂದಿ ತೀರಿಕೊಂಡರು. ಆದರೆ ಪ್ರತಿ ಸಲ 23 ಲೀಟರ್‌ನಷ್ಟಾದರೂ ದ್ರವ ಎಳೆಯಬೇಕು. ಅದಕ್ಕೆ ಒಳ್ಳೆಯ ಫಿಸ್ಟುಲಾ ಬೇಕು. ಎಲ್ಲರಿಗೂ ಒಗ್ಗುವಂಥದ್ದಲ್ಲ.

ನೀರಿನ ಮಾತನ್ನೂ ಹೇಳಬೇಕು. ನಾಲ್ಕು ಗಂಟೆಯಲ್ಲಿ ಫಿಲ್ಟರ್‌ನ ಆಚೆ ಬದಿ ಹರಿಯುವ ದ್ರವ ಸುಮಾರು 120 ಲೀಟರ್. ಕುವೈತ್‌ನಲ್ಲಿ ಸಮುದ್ರದ ಉಪ್ಪು ತೆಗೆದು ಬರುವ ನಲ್ಲಿ ನೀರೂ ಹಾಗೆಯೇ ಯಂತ್ರಕ್ಕೆ ಆಗದು, ಮತ್ತೊಮ್ಮೆ ಶುದ್ಧೀಕರಿಸಬೇಕು.

ಆ ಹಿರಿಯರ ತುರಿಕೆಗೆ ರಂಜಕ ಹೆಚ್ಚಿರುವುದು, ಏಸಿಯಲ್ಲಿ ಒಣಗಿದ ಚರ್ಮ ಕೂಡ ಕಾರಣವಿರಬಹುದು. ಎಲ್ಲವನ್ನೂ ವಿಷದ ತಲೆಗೆ ಕಟ್ಟಲಾಗದು. ನಾನು ಅವರಲ್ಲಿ ಕೇಳಿದ್ದು ಬೇರೆ: “ಅಂಕಲ್, ಈಗಲೂ ಮೂತ್ರ ಸ್ವಲ್ಪ ಹೋಗುತ್ತಾ?” ಹೋಗುತ್ತದೆ ಎಂದರು. ಅದು ದೊಡ್ಡ ಆಸ್ತಿ. ಆಲ್ಬುಮಿನ್‌ಗೆ ಅಂಟಿದ ವಿಷವನ್ನು ಯಂತ್ರಕ್ಕಿಂತ ಚೆನ್ನಾಗಿ ಹೊರಹಾಕುವುದು ಉಳಿದಿರುವ ಆ ಚೂರು ಮೂತ್ರಪಿಂಡವೇ. ಅವರ ಜೇಬಿನಲ್ಲಿ ಮಂಡಿನೋವಿಗೆಂದು ಫಾರ್ಮಸಿಯಿಂದ ತಂದ ಐಬುಪ್ರೊಫೆನ್ ಇತ್ತು. ಡಾಕ್ಟರನ್ನು ಕೇಳದೆ ಅದನ್ನು ನುಂಗಿದರೆ ಆ ಚೂರೂ ಹೋಗಬಹುದು ಎಂದೆ. ಮಲಬದ್ಧತೆ ಇದ್ದರೆ ಅದನ್ನೂ ಡಾಕ್ಟರಿಗೆ ಹೇಳಿ, ಪ್ರೋಟೀನ್ ಮಾತ್ರ ನೀವಾಗಿಯೇ ಬಿಡಬೇಡಿ ಎಂದೂ ಸೇರಿಸಿದೆ.

ಅವರು ರಜೆಗೆ ಊರಿಗೆ ಹೊರಟಾಗ ಫೋನ್ ಮಾಡಿದರು. ಡ್ರೈ ವೇಟ್, ಫಿಲ್ಟರ್‌ನ ಹೆಸರು, ಕೊನೆಯ ಮೂರು ತಿಂಗಳ ಕೆಟಿ ಬೈ ವಿ, ಹೆಪಟೈಟಿಸ್ ರಿಪೋರ್ಟ್, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆಸಿಕೊಂಡಿದ್ದರು. “ಮಾತ್ರೆ ಬಿಟ್ಟೆ, ಮಂಡಿಗೆ ಎಣ್ಣೆ ಹಚ್ತಿದೀನಿ” ಎಂದರು.